31 ಇಂಚಿನ ಟೈರ್ ಹಾಕಿದ ಮೇಲೆ ಜೀಪು ಗುಡ್ಡ ಹತ್ತುತ್ತಿಲ್ಲ. ಕ್ರೌನ್ ಬದಲಿಸಬೇಕಾ?

ತೋಟದಮನೆ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಮಹೀಂದ್ರಾ ಜೀಪು, 2523 ಸಿಸಿ ಡಿಐ ಎಂಜಿನ್, ನಾಲ್ಕು ಗೇರು. ನನಗಿಂತ ಮುಂಚೆ ಮೂರು ಕೈ ಬದಲಾಗಿದೆ. ಇಷ್ಟು ವರ್ಷ 6.00-16 ಟೈರಲ್ಲೇ ಓಡಿಸಿದ್ದೆ. ದೀಪಾವಳಿಗೆ ಮುಂಚೆ ಆಸೆಪಟ್ಟು ಹೊಸ ರಿಮ್ ಸಮೇತ 31×10.5 ಆರ್15 ಹಾಕಿಸಿದೆ. ನೋಡಲು ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.

ಆದರೆ ಎಳೆತ ಹೋಯಿತು. ತೋಟದ ಕೆಳಗಿನ ತಾಕಿನಿಂದ ಕಣಕ್ಕೆ ಕಾಫಿ ಚೀಲ ತರುವ ಏರಿನಲ್ಲಿ ಮೊದಲು ಎರಡನೇ ಗೇರಲ್ಲಿ ಹಾಡಿಕೊಂಡು ಹತ್ತುತ್ತಿತ್ತು. ಈಗ ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ, ನಿಧಾನ ಆದರೆ ಹೆಚ್ಚು ಎಳೆತ) ಹಾಕಿದರೂ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ. ರಿವರ್ಸ್ ತೆಗೆದುಕೊಂಡರೆ ಕ್ಲಚ್ ಸುಟ್ಟ ವಾಸನೆ. ಒಬ್ಬ ಮೆಕ್ಯಾನಿಕ್ ಡೀಸೆಲ್ ಪಂಪ್ ಕೆಲಸ ಮಾಡಿಸಿ ಅಂದ. ಇನ್ನೊಬ್ಬ ಹೌಸಿಂಗ್‌ನಲ್ಲಿ (ಎರಡು ಚಕ್ರದ ನಡುವಿನ ಆಕ್ಸಲ್ ಗೂಡು) 4.27 ಕ್ರೌನ್ ಇದೆ, 5.38 ಹಾಕಿಬಿಡಿ ಅಂದ. ಕ್ರೌನ್ ಅಂದರೆ ಶಾಫ್ಟಿನ ತಿರುಗಾಟವನ್ನು ಚಕ್ರಕ್ಕೆ ಕೊಡುವ ದೊಡ್ಡ ಗೇರು; ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ವೇಗ ಕಡಿಮೆ. ತಿಂಗಳಿಗೆ ಎರಡು ಸಲ ಹಾಸನಕ್ಕೂ ಇದರಲ್ಲೇ ಹೋಗಬೇಕು. 4.88 ಸಾಕಾ, 5.38 ಬೇಕಾ? ಹಾಕಿದವರು ಹೇಳಿ.

ಗ್ರೀಸ್ ಕೈ

ಸರ್, 4.27 ಅಂತ ನಿಮಗೆ ಹೇಗೆ ಗೊತ್ತು? ನೀವೇ ಎಣಿಸಿದಿರಾ, ಯಾರಾದರೂ ಹೇಳಿದರಾ?

ನಲವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಮೂರು ಕೈ ಬದಲಾದ ಜೀಪಿನ ಹೌಸಿಂಗ್ ಒಳಗೆ ಏನಿದೆ ಅಂತ ಆರ್‌ಸಿ ಪುಸ್ತಕ ನೋಡಿ ಹೇಳುವವರನ್ನು ನಾನು ನಂಬುವುದಿಲ್ಲ.

ತೋಟದಮನೆ

ಮಾರಿದವರು ಹೇಳಿದ್ದು. ಅವರಿಗೆ ಅವರ ಮೆಕ್ಯಾನಿಕ್ ಹೇಳಿದ್ದಂತೆ.

ಮಂಡಲಪಟ್ಟಿ ಟ್ರಿಪ್

ಅಣ್ಣ, ಬೇಜಾರಾಗಬೇಡಿ. ಆ ಟೈರ್ ಮಾರಿ ಹಳೇದೇ ಹಾಕಿ. ನಾವು ದಿನಾ ಜನ ತುಂಬಿಕೊಂಡು ಕೊಡಗಿನ ಮಂಡಲಪಟ್ಟಿ ಗುಡ್ಡ ಹತ್ತುವುದು ಸಣ್ಣ ಟೈರಲ್ಲೇ. ಮಳೆಗಾಲದ ಕೆಸರಿನಲ್ಲಿ ಸಪೂರ ಟೈರು ಕೊರೆದುಕೊಂಡು ಹೋಗಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ್ದು ಮೇಲೇ ತೇಲುತ್ತದೆ. ನೋಡಲಿಕ್ಕೆ ಮಾತ್ರ ಚೆಂದ.

ಲೆಕ್ಕಾಚಾರಿ ಬೆಂಗಳೂರು

ಟೈರ್ ಮಾರುವ ಮಾತು ಆಮೇಲೆ. ಮೊದಲು ಲೆಕ್ಕ ನೋಡೋಣ, ಕಷ್ಟ ಇಲ್ಲ.

ಪಕ್ಕದಲ್ಲಿ 31 ಅಂತ ಬರೆದಿದ್ದರೂ ಗಾಡಿಯ ಭಾರಕ್ಕೆ ಟೈರು ಸ್ವಲ್ಪ ಕೂರುತ್ತದೆ. ಹಾಗಾಗಿ ಅಂಗಳದಲ್ಲಿ ಟೈರಿಗೆ ಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ, ನೆಲದಲ್ಲಿ ಟೇಪ್ ಹಿಡಿಯಿರಿ. ಹಳೇ 6.00-16 ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. 31 ಇಂಚಿನದು ಸುಮಾರು 2.4. ಅಂದರೆ ಶೇಕಡಾ 8-9 ಜಾಸ್ತಿ. ಅಷ್ಟೇ ಪಾಲು ಎಳೆತ ಎಲ್ಲಾ ಗೇರಲ್ಲೂ ಹೋಯಿತು.

ಮೊದಲಿನ ಎಳೆತ ವಾಪಸ್ ಬೇಕು ಅಂದರೆ ಹಳೇ ಅನುಪಾತವನ್ನು ಅದೇ ಲೆಕ್ಕದಲ್ಲಿ ಹೆಚ್ಚಿಸಬೇಕು. 4.27ಕ್ಕೆ ಈ ಪಾಲು ಸೇರಿಸಿದರೆ 4.64 ಬರುತ್ತದೆ. ಸರಿಯಾಗಿ 4.64 ಅಂತ ಕ್ರೌನ್ ಇಲ್ಲ. ಕ್ರೌನ್ ಹಲ್ಲನ್ನು ಪಿನಿಯನ್ (ಕ್ರೌನನ್ನು ತಿರುಗಿಸುವ ಸಣ್ಣ ಗೇರು) ಹಲ್ಲಿಂದ ಭಾಗಿಸಿದರೆ ಬರುವುದೇ ಈ ಸಂಖ್ಯೆ. 47ಕ್ಕೆ 11 ಆದರೆ 4.27. 41ಕ್ಕೆ 9 ಆದರೆ 4.56. 39ಕ್ಕೆ 8 ಆದರೆ 4.88. 43ಕ್ಕೆ 8 ಆದರೆ 5.38. ನಿಮಗೆ ಬೇಕಾದ್ದು 4.56 ಮತ್ತು 4.88ರ ನಡುವೆ ಬಿತ್ತು.

ಇನ್ನು ಹಾಸನದ ದಾರಿ. ಟಾಪ್ ಗೇರು ನೇರ ಅಂತ ಇಟ್ಟುಕೊಂಡು 80 ಕಿ.ಮೀ. ವೇಗಕ್ಕೆ ಎಂಜಿನ್ ಎಷ್ಟು ತಿರುಗುತ್ತದೆ ನೋಡಿ. 31 ಟೈರಲ್ಲಿ 4.27 ಇದ್ದರೆ ಸುಮಾರು 2370. 4.88 ಆದರೆ 2710. 5.38 ಆದರೆ 2990. ಡಿಐ ಎಂಜಿನ್ 3000 ಹತ್ತಿರ ಹೋದರೆ ಸದ್ದು ಬರುತ್ತದೆ, ಕೆಲಸ ಬರುವುದಿಲ್ಲ. ನನ್ನ ಮತ 4.88.

ಡೆನ್ವರ್ ಗೌಡ

ನಾನು ಕೊಲರಾಡೊದಲ್ಲಿದ್ದೇನೆ, ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಇದೆ. ಇಲ್ಲಿ ಕಂಪನಿಯೇ ಈ ಲೆಕ್ಕ ಮಾಡುತ್ತದೆ. ಮಾಮೂಲಿ ರೂಬಿಕಾನ್ 33 ಇಂಚಿನ ಆಸುಪಾಸಿನ ಟೈರಿಗೆ 4.10 ಕೊಡುತ್ತಾರೆ. ಎಕ್ಸ್‌ಟ್ರೀಮ್ ರೆಕಾನ್ ಪ್ಯಾಕೇಜ್ ತೆಗೆದುಕೊಂಡರೆ 35 ಇಂಚಿನ ಟೈರಿನ ಜೊತೆ 4.56.

ಗಮನಿಸಿ: 33ರಿಂದ 35ಕ್ಕೆ ಬರೀ ಗಾತ್ರದ ಲೆಕ್ಕದಲ್ಲಿ 4.35 ಸಾಕು. ಅವರು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ದೊಡ್ಡ ಟೈರು ಭಾರ ಕೂಡ ಅಲ್ವಾ? ತಿರುಗಿಸಲಿಕ್ಕೆ ಶಕ್ತಿ ಬೇಕು, ಗಾಳಿಯೂ ಜಾಸ್ತಿ ತಡೆಯುತ್ತದೆ. ಲೆಕ್ಕ 4.64 ಅಂದರೆ ಮೇಲಿನದಕ್ಕೇ ಹೋಗಿ. ನಾನಾಗಿದ್ದರೆ ಧೈರ್ಯ ಮಾಡಿ 5.38 ಹಾಕುತ್ತಿದ್ದೆ. ಇಲ್ಲಿ ಕಡಿಮೆ ಹಾಕಿ ಪಶ್ಚಾತ್ತಾಪ ಪಟ್ಟವರೇ ಜಾಸ್ತಿ.

ಗ್ರೀಸ್ ಕೈ

ಗೌಡರೇ, ಭಾರದ ಮಾತು ನೂರಕ್ಕೆ ನೂರು ಸರಿ. ಆದರೆ ನಿಮ್ಮ ಗಾಡಿಗೂ ಇವರ ಗಾಡಿಗೂ ಒಂದೇ ಮದ್ದು ಆಗುವುದಿಲ್ಲ. ನಿಮ್ಮದು ಆಟೋಮ್ಯಾಟಿಕ್ ಆದರೆ ಎಂಟು ಗೇರು, ಮೇಲಿನ ಗೇರುಗಳು ಎಂಜಿನ್ನನ್ನು ಆರಾಮವಾಗಿ ಇಡುತ್ತವೆ. ಪೆಟ್ರೋಲ್ ಎಂಜಿನ್ನು ಬೇರೆ, ಕೂಗಿಸಿದಷ್ಟೂ ಹೋಗುತ್ತದೆ. ಇವರದ್ದು ನಾಲ್ಕು ಗೇರು, ನಾಲ್ಕನೆಯದಾದ ಮೇಲೆ ದೇವರೇ ಗತಿ. 5.38 ಹಾಕಿದರೆ ತೋಟದಲ್ಲಿ ಆನೆ, ಹಾಸನದ ರಸ್ತೆಯಲ್ಲಿ ಹಿಂದಿನ ಲಾರಿಯವನ ಹಾರ್ನ್ ಕೇಳಿಕೊಂಡೇ ಹೋಗಬೇಕು.

ಪಿನಿಯನ್ ವಿಷಯ ಯಾರೂ ಎತ್ತಲಿಲ್ಲ. ಹಲ್ಲು ಕಡಿಮೆ ಆದಷ್ಟೂ ಪಿನಿಯನ್ ತಲೆ ಸಣ್ಣದಾಗುತ್ತದೆ. 11 ಹಲ್ಲಿನದನ್ನೂ 8 ಹಲ್ಲಿನದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ದೊಡ್ಡ ನೆಲ್ಲಿಕಾಯಿ, ಇನ್ನೊಂದು ಚಿಕ್ಕ ನೆಲ್ಲಿಕಾಯಿ ಅನ್ನಿಸುತ್ತದೆ. ಹಾಗಂತ 5.38 ಮುರಿಯುತ್ತದೆ ಅಂತ ಹೇಳುತ್ತಿಲ್ಲ. ಹಳೇ ಸಿಜೆ 3ಬಿ ಜೀಪುಗಳು ಅದರಲ್ಲೇ ಆಯುಷ್ಯ ಕಳೆದವು. ಆದರೆ ಆಗ ಟೈರು ಸಣ್ಣದು, ಎಂಜಿನ್ನೂ ಸಾಧು.

ತೋಟದಮನೆಯವರೇ, ನೀವು ಇನ್ನೂ ಎಣಿಸಿಲ್ಲ. ಎಣಿಸುವುದು ಹೀಗೆ.

ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಉಳಿಯುವ ಮೂರೂ ಚಕ್ರಕ್ಕೆ ಹಿಂದೆ ಮುಂದೆ ದಪ್ಪ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ನಂಬಬೇಡಿ. ಹಳೇ ಜೀಪಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂದಿನ ಶಾಫ್ಟನ್ನು. ಹಿಂದಿನ ಒಂದು ಚಕ್ರ ಎತ್ತಿದ ತಕ್ಷಣ ಅದು ಗಾಳಿಯಲ್ಲಿ ಸುತ್ತಿಕೊಂಡು, ನೆಲದ ಮೇಲಿರುವ ಚಕ್ರ ಬಿಡುಗಡೆ ಆಗಿ, ಗಾಡಿ ಜ್ಯಾಕ್ ಮೇಲಿಂದ ಹೊರಟುಬಿಡುತ್ತದೆ. ನನ್ನ ಎಡಗಾಲಿನ ಹೆಬ್ಬೆರಳಿಗೆ ಇದು ಗೊತ್ತು.

ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಡಿ. ಹಿಂದಿನ ಒಂದೇ ಚಕ್ರ ಜ್ಯಾಕ್ ಮಾಡಿ. ಪ್ರೊಪೆಲ್ಲರ್ ಶಾಫ್ಟಿಗೂ (ಟ್ರಾನ್ಸ್‌ಫರ್ ಕೇಸಿನಿಂದ ಹೌಸಿಂಗ್‌ಗೆ ಬರುವ ಉದ್ದ ಶಾಫ್ಟು) ಟೈರಿಗೂ ಚಾಕ್‌ಪೀಸ್ ಗುರುತು ಹಾಕಿ. ಒಂದು ಚಕ್ರ ನಿಂತಿರುವಾಗ ಇನ್ನೊಂದು ಎರಡು ಸುತ್ತು ಸುತ್ತಿದರೆ ಕ್ರೌನ್ ಒಂದು ಸುತ್ತು ತಿರುಗುತ್ತದೆ. ಆದರೆ ಎರಡೇ ಸುತ್ತಲ್ಲಿ 4.10 ಯಾವುದು, 4.27 ಯಾವುದು ಗೊತ್ತಾಗುವುದಿಲ್ಲ. 20 ಸುತ್ತು ಸುತ್ತಿ. ಶಾಫ್ಟು 41 ಸುತ್ತಿದರೆ 4.10, 42 ಮುಕ್ಕಾಲು ಹತ್ತಿರ ಆದರೆ 4.27.

ಮುಂದಿನ ಹೌಸಿಂಗ್‌ನಲ್ಲೂ ಇದೇ. ಫ್ರೀ ವೀಲ್ ಹಬ್ (ಮುಂದಿನ ಚಕ್ರವನ್ನು ಆಕ್ಸಲ್‌ನಿಂದ ಬಿಡಿಸುವ ಲಾಕು) ಇದ್ದರೆ ಲಾಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ಶಾಫ್ಟು ತಿರುಗುವುದೇ ಇಲ್ಲ. ಫೋರ್ ವೀಲ್ ಲಿವರ್ ತೆಗೆದಿರಬೇಕು. ಎರಡನ್ನೂ ಎಣಿಸಿ. ಎರಡನ್ನೂ.

ಮೂರು ಗೇರಿನವನು

ಸುಮ್ನೆ ಒಂದು ಲೆಕ್ಕ ಸೇರಿಸುತ್ತೇನೆ. ನನ್ನದು ಪೆಟ್ರೋಲ್ ಸಿಜೆ 3ಬಿ, ಟಿ-90 ಗೇರ್‌ಬಾಕ್ಸ್, ಮೂರು ಗೇರು. ಮೊದಲ ಗೇರು 2.8, ಲೋ 2.46, ಕ್ರೌನ್ 5.38. ಮೂರನ್ನೂ ಗುಣಿಸಿದರೆ 37. ಅಂದರೆ ಎಂಜಿನ್ 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಇದೇ ಗಾಡಿಗೆ 4.27 ಇದ್ದಿದ್ದರೆ 29 ಆಗುತ್ತಿತ್ತು. ಡೆನ್ವರ್ ಗೌಡರೇ, ನಿಮ್ಮದು ಎಷ್ಟು?

ಡೆನ್ವರ್ ಗೌಡ

ನನ್ನದು ಆಟೋಮ್ಯಾಟಿಕ್, 77. ಮ್ಯಾನುವಲ್ ರೂಬಿಕಾನ್ ಆದರೆ 84. ಅದಕ್ಕೆ ಕಾರಣ ಕ್ರೌನ್ ಅಲ್ಲ, ಟ್ರಾನ್ಸ್‌ಫರ್ ಕೇಸಿನ ಲೋ 4 ಇದೆ, ನಿಮ್ಮದು 2.46. ಒಪ್ಪಿದೆ, ಗ್ರೀಸ್ ಕೈ ಅವರು ಹೇಳಿದ ಹಾಗೆ ಹೋಲಿಸಬಾರದಿತ್ತು.

ಇನ್ನೊಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ಡಾನಾ 44 ಮಾದರಿಯ ಹೌಸಿಂಗ್‌ನಲ್ಲಿ 3.73 ಮತ್ತು ಕೆಳಗಿನದಕ್ಕೆ ಒಂದು ಕೇಜ್ (ಕ್ರೌನ್ ಕೂರುವ ಗೂಡು), 3.92 ಮತ್ತು ಮೇಲಿನದಕ್ಕೆ ಬೇರೆ ಕೇಜ್. ಒಳಗೆ 3.73 ಇದ್ದು 4.88 ಹಾಕಲು ಹೊರಟರೆ ಕೇಜೂ ಬೇಕಾಗುತ್ತದೆ. ನನ್ನ ಸ್ನೇಹಿತ ಕ್ರೌನ್ ಮಾತ್ರ ತರಿಸಿ, ಎಲ್ಲಾ ಬಿಚ್ಚಿ ಹರಡಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ಗ್ರೀಸ್ ಕೈ

ಬಹಳ ಒಳ್ಳೇ ಮಾತು. 4.27ರಿಂದ 4.88ಕ್ಕೆ ಆ ತಲೆನೋವಿಲ್ಲ. ಅದಕ್ಕೇ ಮೊದಲು ಎಣಿಸಿ ಅನ್ನುವುದು.

ತೋಟದಮನೆ

ಭಾನುವಾರ ಎಣಿಸಿದೆವು. ನಾನು ಚಕ್ರ ತಿರುಗಿಸುವುದು, ಮಗಳು ಗಾಡಿ ಕೆಳಗೆ ಗೋಣಿಚೀಲ ಹಾಸಿಕೊಂಡು ಶಾಫ್ಟಿನ ಗುರುತು ಎಣಿಸುವುದು. ಮೊದಲ ಸಲ 31ಕ್ಕೆ ಬಂದಾಗ ನಾಯಿ ನುಗ್ಗಿ ಅವಳ ಮುಖ ನೆಕ್ಕಿ ಲೆಕ್ಕ ಹೋಯಿತು. ಎರಡನೇ ಸಲ ನಾಯಿ ಕಟ್ಟಿಹಾಕಿ ಎಣಿಸಿದೆವು.

ಹಿಂದೆ: ಚಕ್ರ 20 ಸುತ್ತಿಗೆ ಶಾಫ್ಟು 42, ಮೇಲೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸರಿ, 4.27.

ಮುಂದೆ: 48, ಮೇಲೆ ಮುಕ್ಕಾಲು.

ಮಗಳು ತಪ್ಪು ಎಣಿಸಿದಳು ಅಂತ ಬೈದೆ. ಅವಳು ಸಿಟ್ಟಾಗಿ ನೀವೇ ಮಲಗಿ ಎಣಿಸಿ ಅಪ್ಪಾ ಅಂದಳು. ಮಲಗಿ ಎಣಿಸಿದೆ. 48 ಮುಕ್ಕಾಲೇ.

ಲೆಕ್ಕಾಚಾರಿ ಬೆಂಗಳೂರು

ಅಯ್ಯೋ! ಮುಂದೆ 4.88, ಹಿಂದೆ 4.27!

ಗ್ರೀಸ್ ಕೈ

ಮಗಳಿಗೆ ಒಂದು ಐಸ್‌ಕ್ರೀಮ್ ಕೊಡಿಸಿ. ನಿಮ್ಮ ಅರ್ಧ ಕಾಯಿಲೆ ಅವಳೇ ಹಿಡಿದಳು.

ಫೋರ್ ವೀಲ್ ಹಾಕಿದಾಗ ಎರಡೂ ಶಾಫ್ಟು ಒಂದೇ ವೇಗದಲ್ಲಿ ತಿರುಗುತ್ತವೆ. ಹಿಂದಿನ ಚಕ್ರ 100 ಸುತ್ತು ಹೋದರೆ ಮುಂದಿನದು 87-88 ಸುತ್ತು ಮಾತ್ರ ಹೋಗುತ್ತೇನೆ ಅಂತ ಹಠ ಹಿಡಿಯುತ್ತದೆ. ಹಿಂದಿನದು ತಳ್ಳುತ್ತದೆ, ಮುಂದಿನದು ಬ್ರೇಕ್ ಹಾಕುತ್ತದೆ. ಹಗ್ಗ ಕಟ್ಟಿ ಎಳೆದ ಹಾಗೆ ಅಂತ ಮೊದಲ ದಿನವೇ ಬರೆದಿದ್ದಿರಲ್ಲ, ಆ ಹಗ್ಗ ನಿಮ್ಮ ಮುಂದಿನ ಹೌಸಿಂಗ್.

ಒಂದು ಕೇಳುತ್ತೇನೆ. ಏರು ಹತ್ತಿದ ಮೇಲೆ ಫೋರ್ ವೀಲ್ ಲಿವರ್ ಸುಲಭವಾಗಿ ಬರುತ್ತದಾ?

ತೋಟದಮನೆ

ಇಲ್ಲ! ಕಾಲು ಕೊಟ್ಟು ಒದೆಯಬೇಕು. ಸ್ವಲ್ಪ ರಿವರ್ಸ್ ಹೋದರೆ ಟಕ್ ಅಂತ ಬರುತ್ತದೆ. ಹಳೇ ಗಾಡಿ, ಲಿವರ್ ತುಕ್ಕು ಹಿಡಿದಿದೆ ಅಂದುಕೊಂಡು ಎಣ್ಣೆ ಬಿಡುತ್ತಿದ್ದೆ.

ಆದರೆ ಒಂದು ಅರ್ಥ ಆಗಲಿಲ್ಲ. ನಾಲ್ಕು ವರ್ಷ ಇದೇ ಗಾಡಿ ಓಡಿಸಿದ್ದೇನೆ, ಮೊದಲು ಯಾಕೆ ಗೊತ್ತಾಗಲಿಲ್ಲ?

ಗ್ರೀಸ್ ಕೈ

ಮೊದಲು ಫೋರ್ ವೀಲ್ ಯಾವಾಗ ಹಾಕುತ್ತಿದ್ದಿರಿ?

ತೋಟದಮನೆ

ಜುಲೈ, ಆಗಸ್ಟ್ ಕೆಸರಿನಲ್ಲಿ ಮಾತ್ರ. ಉಳಿದಂತೆ ಬೇಕಾಗುತ್ತಿರಲಿಲ್ಲ.

ಗ್ರೀಸ್ ಕೈ

ಅಲ್ಲೇ ಇದೆ ಉತ್ತರ. ಕೆಸರಿನಲ್ಲಿ ಸಪೂರ ಟೈರು ಜಾರಿಕೊಂಡು ಆ ವ್ಯತ್ಯಾಸ ನುಂಗಿಬಿಡುತ್ತಿತ್ತು. ಈಗ ದೊಡ್ಡ ಟೈರಿನಿಂದ ಎಳೆತ ಕಡಿಮೆ ಆಯಿತು, ಅದಕ್ಕೆ ಲೋ ಬೇಕಾಯಿತು. ಈ ಗಾಡಿಯಲ್ಲಿ ಫೋರ್ ವೀಲ್ ಹಾಕದೆ ಲೋ ಬರುವುದಿಲ್ಲ. ಕಾಫಿ ಕೊಯ್ಲಿನ ಕಾಲ, ನೆಲ ಒಣಗಿದೆ. ಟೈರು ಹೊಸದು, ಅಗಲ, ಜಾರುವುದಿಲ್ಲ. ಜಾರದಿದ್ದರೆ ಆ ಜಗಳ ಎಲ್ಲಿ ಹೋಗಬೇಕು? ಟ್ರಾನ್ಸ್‌ಫರ್ ಕೇಸಿಗೆ, ಕ್ರಾಸಿಗೆ (ಶಾಫ್ಟಿನ ಕೀಲು), ಕೊನೆಗೆ ಕ್ಲಚ್ಚಿಗೆ.

ಇಂಥದ್ದೇ ಒಂದು ಜೀಪು ನನ್ನ ಹತ್ತಿರ ಬಂದಿತ್ತು. ಟ್ರಾನ್ಸ್‌ಫರ್ ಕೇಸಿನ ತಳ ಬಿಚ್ಚಿದರೆ ಎಣ್ಣೆ ಜೊತೆ ಗೇರಿನ ಹಲ್ಲು ಟ್ರೇಗೆ ಬಿದ್ದವು, ಹುರಿಗಡಲೆ ಸುರಿದ ಹಾಗೆ. ಇವತ್ತಿನಿಂದ ಕ್ರೌನ್ ಸರಿ ಆಗುವವರೆಗೆ ಫೋರ್ ವೀಲ್ ಮುಟ್ಟಬೇಡಿ.

ಲೆಕ್ಕಾಚಾರಿ ಬೆಂಗಳೂರು

ನಾನು ಎರಡು ಪ್ಯಾರಾ ಲೆಕ್ಕ ಬರೆದೆ. ಎರಡೂ ಹೌಸಿಂಗ್ ಒಂದೇ ಅಂತ ಸುಮ್ನೆ ಅಂದುಕೊಂಡೇ ಬರೆದೆ. ಆದರೆ ಅದೃಷ್ಟ ನೋಡಿ, ಲೆಕ್ಕ ಕೇಳಿದ್ದು 4.64, ಮುಂದೆ ಆಗಲೇ 4.88 ಇದೆ. ಹಿಂದಿನದೊಂದು ಬದಲಿಸಿದರೆ ಮುಗಿಯಿತು.

ಮಂಡಲಪಟ್ಟಿ ಟ್ರಿಪ್

ಎಲ್ಲರೂ ಹತ್ತುವ ಮಾತೇ ಆಡುತ್ತಿದ್ದೀರಿ. ಇಳಿಯುವುದು?

ದೊಡ್ಡ ಟೈರು ಹಾಕಿದರೆ ಎಂಜಿನ್ ಬ್ರೇಕ್ ಕೂಡ ಅಷ್ಟೇ ಪಾಲು ಕಡಿಮೆ ಆಗುತ್ತದೆ. ನಾವು ಮಂಡಲಪಟ್ಟಿ ಇಳಿಯುವುದು ಗೇರಿನ ಮೇಲೆ, ಪೆಡಲ್ ಮೇಲಲ್ಲ. ಹಳೇ ಜೀಪಿನ ನಾಲ್ಕು ಡ್ರಮ್ ಬ್ರೇಕನ್ನು ಇಷ್ಟು ದೊಡ್ಡ ಚಕ್ರದ ಮೇಲೆ ಬಿಟ್ಟರೆ ಬೇಗ ಬಿಸಿ ಆಗಿ ಕಾಲು ಕೆಳಗೆ ಹೋಗುತ್ತದೆ. ಕಾಫಿ ಚೀಲ ಹೇರಿಕೊಂಡು ಇಳಿಯುವ ದಾರಿ ಇದ್ದರೆ ನೋಡಿಕೊಳ್ಳಿ ಅಣ್ಣ.

ಗ್ರೀಸ್ ಕೈ

ಈ ಮಾತಿಗೆ ಕೈ ಮುಗಿಯುತ್ತೇನೆ. 4.88 ಹಾಕಿದರೆ ಇಳಿಯುವಾಗಿನ ಹಿಡಿತವೂ ವಾಪಸ್ ಬರುತ್ತದೆ. ಆದರೆ ಬ್ರೇಕ್ ಲೈನರ್, ಸಿಲಿಂಡರ್ ಇದೇ ನೆಪದಲ್ಲಿ ನೋಡಿಸಿ.

ತೋಟದಮನೆ

ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ಬರು ಹೊಸ 4.88 ಸೆಟ್ ಇದೆ ಅಂದರು. ಗುಜರಿಯಲ್ಲಿ ಕ್ರೌನ್ ಒಂದು ಕಡೆ, ಪಿನಿಯನ್ ಇನ್ನೊಂದು ಕಡೆ ಸಿಗುತ್ತದೆ, ಅರ್ಧ ದುಡ್ಡು. ಜೋಡಿಸಬಹುದಾ?

ಗ್ರೀಸ್ ಕೈ

ಬೇಡವೇ ಬೇಡ. ಕ್ರೌನ್ ಪಿನಿಯನ್ ಫ್ಯಾಕ್ಟರಿಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಎರಡರ ಮೇಲೂ ಒಂದೇ ನಂಬರ್ ಕೊರೆದಿರುತ್ತದೆ. ಜೋಡಿ ತಪ್ಪಿದರೆ ಕೊಂಯ್ ಅಂತ ಕೂಗುತ್ತದೆ, ಆಮೇಲೆ ಹಲ್ಲು ಉದುರುತ್ತದೆ. ಹಳೇದೇ ಆದರೂ ಒಂದೇ ಹೌಸಿಂಗ್‌ನಿಂದ ಬಂದ ಜೋಡಿ ತನ್ನಿ.

ಕೂರಿಸುವವನು ಯಾರು ಅನ್ನುವುದು ಸಾಮಾನಿಗಿಂತ ಮುಖ್ಯ. ಪಿನಿಯನ್ ಎಷ್ಟು ಒಳಗೆ ಕೂರಬೇಕು ಅನ್ನುವುದು ಶಿಮ್ (ತೆಳು ಲೋಹದ ಬಿಲ್ಲೆ) ಮೇಲೆ. ಪಿನಿಯನ್ ಬೇರಿಂಗ್ ಬಿಗಿ ಸರಿ ಇರಬೇಕು. ಕ್ರೌನಿಗೂ ಪಿನಿಯನ್ನಿಗೂ ನಡುವಿನ ಪ್ಲೇ 0.15ರಿಂದ 0.25 ಮಿ.ಮೀ. ಒಳಗೆ ಬರಬೇಕು. ಇದನ್ನು ಡಯಲ್ ಗೇಜ್ ಇಟ್ಟು ನೋಡಬೇಕು. ಕೈಯಲ್ಲಿ ಅಲ್ಲಾಡಿಸಿ ‘ಸರಿ ಇದೆ ಸಾರ್’ ಅನ್ನುವವನ ಕೈಗೆ ಕೊಡಬೇಡಿ.

ಕೊನೆಗೆ ಮಾರ್ಕಿಂಗ್. ಕ್ರೌನಿನ ನಾಲ್ಕೈದು ಹಲ್ಲಿಗೆ ಬಣ್ಣದ ಪೇಸ್ಟ್ ಸವರಿ, ಕ್ರೌನನ್ನು ಸ್ವಲ್ಪ ತಡೆ ಹಿಡಿದು ತಿರುಗಿಸಬೇಕು. ಪಿನಿಯನ್ ಉಜ್ಜಿದ ಜಾಗದಲ್ಲಿ ಬಣ್ಣ ಹೋಗುತ್ತದೆ. ಆ ಗುರುತು ಹಲ್ಲಿನ ತುದಿಗೂ ಬುಡಕ್ಕೂ ನಡುವೆ, ಹೆಬ್ಬೆಟ್ಟು ಒತ್ತಿದ ಹಾಗೆ ಮಧ್ಯದಲ್ಲಿ ಬರಬೇಕು. ತುದಿಯಲ್ಲಿ ಬಂದರೆ ಪಿನಿಯನ್ ಇನ್ನೂ ಒಳಗೆ ಬೇಕು, ಬುಡದಲ್ಲಿ ಬಂದರೆ ಹೊರಗೆ. ಮತ್ತೆ ಬಿಚ್ಚು, ಶಿಮ್ ಬದಲಿಸು, ಮತ್ತೆ ಸವರು. ನಾನು ಒಂದು ಹೌಸಿಂಗ್‌ಗೆ ಆರು ಸಲ ಬಿಚ್ಚಿದ್ದೇನೆ. ಆ ದಿನ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ.

ಹೊಸಬ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ದೊಡ್ಡ ಟೈರಿಗೆ ಆರ್‌ಟಿಒ ತೊಂದರೆ ಇಲ್ವಾ?

ಲೆಕ್ಕಾಚಾರಿ ಬೆಂಗಳೂರು

ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಕ್ಕೆ ಹೊರತಾದ ಬದಲಾವಣೆ ಸಲ್ಲದು ಅಂತ ಹೇಳಿದೆ. ತೋಟದ ಒಳಗೆ ಬೇರೆ ಮಾತು. ಹಾಸನಕ್ಕೆ ಹೋಗುವವರು ಟೈರ್ ಕೊಳ್ಳುವ ಮುಂಚೆಯೇ ವಿಚಾರಿಸುವುದು ಒಳ್ಳೆಯದು. ಇನ್ಶೂರೆನ್ಸಿನವರೂ ಇದನ್ನೇ ಹಿಡಿದುಕೊಳ್ಳುತ್ತಾರೆ.

ತೋಟದಮನೆ

ಆರ್‌ಟಿಒ ವಿಷಯ ನನಗೆ ಮೊದಲೇ ಯಾರಾದರೂ ಹೇಳಬೇಕಿತ್ತು. ಹಳೇ ರಿಮ್ಮು ಟೈರು ಇನ್ನೂ ಇವೆ, ಹಾಸನಕ್ಕೆ ಅವನ್ನೇ ಹಾಕಿಕೊಂಡು ಹೋಗುತ್ತೇನೆ. ಮನೆಯವಳು ಇದನ್ನು ಮೊದಲ ದಿನವೇ ಹೇಳಿದ್ದಳು ಅನ್ನುವುದು ಬೇರೆ ಮಾತು.

ಲೆಕ್ಕಾಚಾರಿ ಬೆಂಗಳೂರು

ಹಾಗಾದರೆ ಒಂದು ವಿಷಯ ನೆನಪಿರಲಿ. 4.88ರಲ್ಲಿ ಹಳೇ ಟೈರ್ ಹಾಕಿದರೆ 80ಕ್ಕೆ ಎಂಜಿನ್ 2950 ಹತ್ತಿರ ಹೋಗುತ್ತದೆ. 65-70ರಲ್ಲಿ ಹೋಗಿ. ಸ್ಪೀಡೋಮೀಟರ್ ಕೂಡ ಸುಳ್ಳು ಹೇಳುತ್ತದೆ. ಅದರ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುವುದು, ಚಕ್ರದಿಂದಲ್ಲ. 4.27ಕ್ಕೆ ಮೊದಲು ಸರಿ ತೋರಿಸುತ್ತಿತ್ತು ಅಂದರೆ, 4.88 ಆದ ಮೇಲೆ 31 ಟೈರಲ್ಲಿ 60 ತೋರಿಸಿದಾಗ ನಿಜವಾಗಿ 57. ಹಳೇ ಟೈರಲ್ಲಿ 60 ತೋರಿಸಿದರೆ 52-53 ಅಷ್ಟೇ.

ತೋಟದಮನೆ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಹೊಸ 4.88 ಜೋಡಿ ತಂದೆ. ಗ್ರೀಸ್ ಕೈ ಅವರೇ ಹಾಸನದಲ್ಲಿ ತಮ್ಮ ಶಿಷ್ಯನ ಹತ್ತಿರ ನಿಂತು ಕೂರಿಸಿಕೊಟ್ಟರು. ಮೂರನೇ ಸಲಕ್ಕೆ ಮಾರ್ಕಿಂಗ್ ಸರಿ ಬಂತು. 80ಡಬ್ಲ್ಯು-90 ಎಣ್ಣೆ ಹಾಕಿದರು. ಮೊದಲ ದಿನ 25 ಕಿ.ಮೀ. ಖಾಲಿ ಓಡಿಸಿ, ನಿಲ್ಲಿಸಿ, ಹೌಸಿಂಗ್ ತಣ್ಣಗಾಗಲು ಬಿಡಿ ಅಂದರು. ಹಾಗೇ ಮೂರು ದಿನ ಮಾಡಿದೆ.

ನಿನ್ನೆ ಹನ್ನೆರಡು ಚೀಲ ಹೇರಿಕೊಂಡು ಕಣದ ಏರು ಹತ್ತಿದೆ. ಟೂ ವೀಲಲ್ಲೇ, ಎರಡನೇ ಗೇರಲ್ಲಿ, ಅರ್ಧ ಆಕ್ಸಿಲರೇಟರ್. ತಿರುವಿನಲ್ಲಿ ಮಾತ್ರ ಒಂದಕ್ಕೆ ಇಳಿಸಿದೆ. ಮೇಲೆ ಬಂದ ಮೇಲೆ ಬೇಕಂತಲೇ ಫೋರ್ ವೀಲ್ ಹಾಕಿ, ಸಡಿಲ ಮಣ್ಣಿನ ಮೇಲೆ ಹತ್ತು ಮಾರು ಹೋಗಿ ಲಿವರ್ ತೆಗೆದೆ. ಎರಡು ಬೆರಳಲ್ಲಿ ಬಂತು.

ಒಂದೇ ಅನುಮಾನ. 50-55 ವೇಗದಲ್ಲಿ ಹಿಂದಿನಿಂದ ಸಣ್ಣಗೆ ಕೊಂಯ್ ಅನ್ನುತ್ತಿದೆ. ಮಗಳಿಗೆ ಕೇಳಿಸುವುದಿಲ್ಲವಂತೆ, ನನಗೆ ಕೇಳಿಸುತ್ತದೆ.

ಗ್ರೀಸ್ ಕೈ

ಒತ್ತಿದಾಗಲಾ, ಬಿಟ್ಟಾಗಲಾ?

ತೋಟದಮನೆ

ಆಕ್ಸಿಲರೇಟರ್ ಬಿಟ್ಟಾಗ ಮಾತ್ರ. ಒತ್ತಿದರೆ ಇಲ್ಲ.

ಗ್ರೀಸ್ ಕೈ

ಹಾಗಾದರೆ ಗಾಬರಿ ಬೇಡ, ಆದರೆ ಬಿಡುವುದೂ ಬೇಡ. ಪಿನಿಯನ್ ಬಿಗಿ ಒಂದು ಸಲ ನೋಡಬೇಕು. 800 ಕಿ.ಮೀ. ಆದ ಮೇಲೆ ಹೇಗೂ ಎಣ್ಣೆ ಬದಲಿಸಬೇಕು, ಆಗ ತನ್ನಿ. ಹಳೇ ಎಣ್ಣೆ ಚೆಲ್ಲಬೇಡಿ, ಒಂದು ಬಿಳಿ ತಟ್ಟೆಗೆ ಬಸಿದು ಬೆಳಕಿನಲ್ಲಿ ನೋಡೋಣ. ಬೂದಿಯ ಹಾಗೆ ಇದ್ದರೆ ಸರಿ. ಮಿಣಮಿಣ ಚೂರು ಕಂಡರೆ ಅಲ್ಲೇ ಬಿಚ್ಚುತ್ತೇನೆ. ಶನಿವಾರ ಬಿಟ್ಟು ಯಾವತ್ತಾದರೂ ಬನ್ನಿ.